ನಿಕಾಹ್‌ನಾಮಾ ಇದ್ದರೆ ಪೌರತ್ವ ಸಿಗುತ್ತದೆಯೇ?

ದ್ವಿತೀಯ ಪಿಯುಸಿಯವರಿಗೆ ಮೂಲಭೂತ ಹಕ್ಕುಗಳ ಪಾಠ ನಡೆದಿತ್ತು. ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತ. "ಸರ್, ಹೊರದೇಶದ ಹುಡುಗಿನ್ನ ಲಗ್ನಾ ಆದ್ರ ಆಕಿ ಇಲ್ಲೇ ಇರಾಕ ಬರ್ತದಲ್ರೀ? ಹೆಂಡತಿ ಆದ ಮ್ಯಾಲ ಹ್ಯಾಂಗ ಹೊರಗ ಹಾಕ್ತಾರ್ರೀ?" ಎಂದ. ಎಲ್ಲರೂ ನಕ್ಕರು. ನಾನು ಅವಸರದಲ್ಲಿ, "ಏಳು ವರ್ಷ ಇಲ್ಲಿದ್ದರೆ ಪೌರತ್ವಕ್ಕೆ ಅರ್ಜಿ ಹಾಕಬಹುದು" ಎಂದು ಹೇಳಿ ಪಾಠ ಮುಂದುವರಿಸಿದೆ. ಅಂದು ರಾತ್ರಿ ಮನೆಯಲ್ಲಿ ಕಾಯ್ದೆ ತೆಗೆದು ನೋಡಿದಾಗ ನಾನು ಹೇಳಿದ್ದು ಅರ್ಧ ಉತ್ತರ ಎಂದು ಗೊತ್ತಾಯಿತು. ಬಿಟ್ಟುಹೋದ ಅರ್ಧದಲ್ಲಿಯೇ ಜನ ಸಿಕ್ಕಿ ಬೀಳುತ್ತಾರೆ. ಆ ತಪ್ಪನ್ನು ತಿದ್ದಲು ಈ ಬರಹ.

ಪ್ರಶ್ನೆ ನಗುವಂಥದ್ದೂ ಅಲ್ಲ. ನಮ್ಮ ತಾಲ್ಲೂಕಿನ ಎಷ್ಟೋ ಮನೆಗಳ ಅಣ್ಣ, ಕಾಕಾ, ಮಾವಂದಿರು ದುಬೈ, ದಮ್ಮಾಮ್, ಕತಾರ್‌ಗಳಲ್ಲಿ ದುಡಿಯುತ್ತಿದ್ದಾರೆ. ಅಲ್ಲಿ ಒಂದೇ ಕೋಣೆಯಲ್ಲಿ ನಾಲ್ಕು ದೇಶದವರು ಇರುತ್ತಾರೆ, ಪರಿಚಯ ಬೆಳೆಯುತ್ತದೆ, ಸಂಬಂಧದ ಮಾತು ಬರುತ್ತದೆ. ಇನ್ನು ನಿಮ್ಮ ಕೈಯಲ್ಲಿರುವ ಮೊಬೈಲಿಗೆ ಗಡಿಯೇ ಗೊತ್ತಿಲ್ಲ.

ನಮ್ಮ ರಾಜ್ಯದಲ್ಲೇ ನಡೆದ ಸಂಗತಿಯಿಂದ ಆರಂಭಿಸೋಣ. ಸಂಬಂಧಪಟ್ಟವರ ಹೆಸರು ನಮಗೆ ಬೇಕಿಲ್ಲ, ಊರು ಮತ್ತು ವರ್ಷ ಸಾಕು.

2021ರ ಜೂನ್‌ನಲ್ಲಿ ಉತ್ತರ ಕನ್ನಡ ಜಿಲ್ಲೆಯ ಭಟ್ಕಳದಲ್ಲಿ ಪೊಲೀಸರು ಒಬ್ಬ ಗೃಹಿಣಿಯನ್ನು ಬಂಧಿಸಿದರು. ಆಕೆ ಪಾಕಿಸ್ತಾನದ ಪ್ರಜೆ. ಪೊಲೀಸರು ಹೇಳಿದಂತೆ, 2014ರಲ್ಲಿ ದುಬೈಯಲ್ಲಿ ಭಟ್ಕಳದವರೊಬ್ಬರ ಜೊತೆ ಮದುವೆಯಾಗಿತ್ತು. ಆಮೇಲೆ ಮೂರು ತಿಂಗಳ ವೀಸಾದ ಮೇಲೆ ಒಮ್ಮೆ ಬಂದು ಹೋಗಿದ್ದರು. 2015ರಲ್ಲಿ ವೀಸಾ ಇಲ್ಲದೆ ಒಳಗೆ ಬಂದು ಇಲ್ಲೇ ಉಳಿದರು. ಸಿಕ್ಕಾಗ ಆಕೆ ಮೂರು ಮಕ್ಕಳ ತಾಯಿ. ಪಡಿತರ ಚೀಟಿ, ಆಧಾರ್, ಪಾನ್ ಕಾರ್ಡ್, ಮತದಾರರ ಗುರುತಿನ ಚೀಟಿ ಎಲ್ಲವೂ ಆಗಿದ್ದವು.

ಇದೇ ಭಟ್ಕಳದಲ್ಲಿ ಪಾಕಿಸ್ತಾನದಿಂದ ಸೊಸೆಯಾಗಿ ಬಂದು, ಸರ್ಕಾರಕ್ಕೆ ಗೊತ್ತಿದ್ದೇ ವರ್ಷಗಟ್ಟಲೆ ಸಂಸಾರ ಮಾಡಿಕೊಂಡಿರುವ ಬೇರೆ ಹೆಣ್ಣುಮಕ್ಕಳೂ ಇದ್ದಾರೆ. ಅಲ್ಲಿನ ನವಾಯತ ಮನೆತನಗಳ ನೆಂಟರು ಕರಾಚಿಯಲ್ಲಿದ್ದಾರೆ. ದೇಶ ಒಡೆದ ಮೇಲೂ ಸಂಬಂಧಗಳು ಮುಂದುವರಿದವು. ಊರು ಒಂದೇ, ನಿಕಾಹ್ ಒಂದೇ ಬಗೆಯದು, ದೇಶವೂ ಒಂದೇ. ಆದರೂ ಒಬ್ಬರು ಜೈಲಿಗೆ ಹೋದರು, ಇನ್ನುಳಿದವರು ಮನೆಯಲ್ಲಿದ್ದಾರೆ. ವ್ಯತ್ಯಾಸ ಇರುವುದು ಮದುವೆಯಲ್ಲಲ್ಲ, ಗಡಿ ದಾಟಿದ ರೀತಿಯಲ್ಲಿ.

ಈಗ ಕಾಯ್ದೆಗೆ ಬರೋಣ. ನಮ್ಮ ಪೌರತ್ವ ಕಾಯ್ದೆ 1955ರದು. ಅದರ 5ನೇ ಕಲಮಿನ 1ನೇ ಉಪಕಲಮಿನಲ್ಲಿರುವ 'ಸಿ' ಅಂಶದ ಪ್ರಕಾರ, ಭಾರತದ ಪ್ರಜೆಯನ್ನು ಮದುವೆಯಾಗಿ, ಅರ್ಜಿ ಹಾಕುವ ಮುನ್ನ ಏಳು ವರ್ಷ ಭಾರತದಲ್ಲಿ ವಾಸವಿದ್ದವರು ನೋಂದಣಿಯ ಮೂಲಕ ಪೌರತ್ವ ಕೇಳಬಹುದು. ಏಳು ವರ್ಷದ ಲೆಕ್ಕ ಹೀಗಿದೆ: ಅರ್ಜಿಯ ಹಿಂದಿನ 12 ತಿಂಗಳು ಪೂರ್ತಿ ಇಲ್ಲೇ ಇರಬೇಕು, ಅದಕ್ಕೂ ಹಿಂದಿನ ಎಂಟು ವರ್ಷಗಳಲ್ಲಿ ಒಟ್ಟು ಆರು ವರ್ಷವಾದರೂ ಇಲ್ಲಿದ್ದಿರಬೇಕು. ನಾನು ತರಗತಿಯಲ್ಲಿ ಹೇಳಿದ್ದು ಇಷ್ಟನ್ನೇ. ಬಿಟ್ಟಿದ್ದು ಅದೇ ಕಲಮಿನ ಆರಂಭದಲ್ಲಿರುವ ಒಂದು ಷರತ್ತನ್ನು: ಅರ್ಜಿದಾರರು 'ಅಕ್ರಮ ವಲಸಿಗ' ಆಗಿರಬಾರದು.

ಅಕ್ರಮ ವಲಸಿಗ ಎಂದರೆ ಯಾರು? 2003ರ ತಿದ್ದುಪಡಿ ಇದಕ್ಕೆ ಅರ್ಥ ಕೊಟ್ಟಿತು. ಸರಿಯಾದ ಪಾಸ್‌ಪೋರ್ಟ್, ವೀಸಾ ಇಲ್ಲದೆ ಒಳಗೆ ಬಂದವರು ಒಂದು ಬಗೆ. ಸರಿಯಾಗಿಯೇ ಬಂದು, ಅವಧಿ ಮುಗಿದ ಮೇಲೂ ಹೋಗದೆ ಉಳಿದವರು ಇನ್ನೊಂದು ಬಗೆ. ಇಬ್ಬರನ್ನೂ ಕಾಯ್ದೆ ಒಂದೇ ತಕ್ಕಡಿಯಲ್ಲಿ ಇಡುತ್ತದೆ. ಹೀಗಾಗಿ ಕಳ್ಳದಾರಿಯಿಂದ ಬಂದವರು ಏಳಲ್ಲ, ಇಪ್ಪತ್ತು ವರ್ಷ ಸಂಸಾರ ಮಾಡಿದರೂ ಆ ವರ್ಷಗಳು ಈ ಅರ್ಜಿಗೆ ಲೆಕ್ಕಕ್ಕೆ ಬರುವುದಿಲ್ಲ. ಮದುವೆಯ ಸಂಬಂಧವಿಲ್ಲದೆ ಬಹುಕಾಲದ ವಾಸದಿಂದ ಸಿಗುವ ಸಹಜೀಕೃತ ಪೌರತ್ವಕ್ಕೂ ಇದೇ ಷರತ್ತು ಇದೆ.

ಮೊದಲು ಇಷ್ಟು ಬಿಗಿ ಇರಲಿಲ್ಲ. 1955ರ ಮೂಲ ಕಾಯ್ದೆ ಭಾರತೀಯರನ್ನು ಮದುವೆಯಾದ ಮಹಿಳೆಯರಿಗೆ ಮಾತ್ರ ನೋಂದಣಿಯ ಅವಕಾಶ ಕೊಟ್ಟಿತ್ತು. ವಿದೇಶಿ ಅಳಿಯನಿಗೆ ಆ ದಾರಿ ಇರಲಿಲ್ಲ! 1986ರ ತಿದ್ದುಪಡಿಯಲ್ಲಿ ಗಂಡು ಹೆಣ್ಣು ಇಬ್ಬರಿಗೂ ಅವಕಾಶವಾಯಿತು, ಐದು ವರ್ಷದ ವಾಸ ಬೇಕು ಎಂದಾಯಿತು. 2003ರಲ್ಲಿ ಅದು ಏಳಕ್ಕೇರಿತು. ಇನ್ನೂ ಹಿಂದಕ್ಕೆ ಹೋದರೆ, ಆದಿಲ್‌ಶಾಹಿ ಕಾಲದ ನಮ್ಮ ವಿಜಯಪುರಕ್ಕೆ ಇರಾನ್, ಅರಬ್ ನಾಡು, ಆಫ್ರಿಕಾಗಳಿಂದ ಬಂದವರು ಇಲ್ಲೇ ಲಗ್ನವಾಗಿ, ಇಲ್ಲೇ ಮಣ್ಣಾದರು. ಅವರನ್ನು ಯಾರೂ ವೀಸಾ ಕೇಳಲಿಲ್ಲ. ಆ ಕಾಲ ಹೋಯಿತು.

ಹಾಗಾದರೆ ನಿಕಾಹ್ ಅಸಿಂಧುವೇ? ಇಲ್ಲ. ಇದನ್ನು ಬೇರೆ ಮಾಡಿ ತಿಳಿಯಬೇಕು. ಇಬ್ಬರು ಸಾಕ್ಷಿಗಳ ಮುಂದೆ ಒಪ್ಪಿಗೆಯಿಂದ, ಮೆಹರ್ ನಿಗದಿಯಾಗಿ ನಡೆದ ನಿಕಾಹ್ ವಧುವಿನ ಬಳಿ ವೀಸಾ ಇಲ್ಲ ಎಂಬ ಕಾರಣಕ್ಕೆ ಮುರಿದುಬೀಳುವುದಿಲ್ಲ. ಆಕೆ ಹೆಂಡತಿಯೇ, ಮಕ್ಕಳು ಆ ತಂದೆಯ ಮಕ್ಕಳೇ. ಹಿಂದೂ ವಿವಾಹವಾಗಲಿ, 1954ರ ವಿಶೇಷ ವಿವಾಹ ಕಾಯ್ದೆಯ ಮದುವೆಯಾಗಲಿ, ಮಾತು ಇದೇ. ಮದುವೆ ಗಂಡ ಹೆಂಡತಿಯ ನಡುವಿನ ಹಕ್ಕು ಬಾಧ್ಯತೆಗಳನ್ನು ಹುಟ್ಟಿಸುತ್ತದೆ. ದೇಶದಲ್ಲಿ ವಾಸಿಸುವ ಅನುಮತಿಯನ್ನು ಕೊಡುವುದು ಬೇರೆ ಕಚೇರಿ, ಬೇರೆ ಕಾಯ್ದೆ. ಖಾಜಿ ಸಾಹೇಬರ ರಿಜಿಸ್ಟರ್ ಆಗಲಿ, ಉಪನೋಂದಣಿ ಕಚೇರಿಯ ಪ್ರಮಾಣಪತ್ರವಾಗಲಿ ಆ ಕಚೇರಿಯಲ್ಲಿ ಒಂದು ದಾಖಲೆ ಅಷ್ಟೇ.

ಸಂವಿಧಾನದಲ್ಲೂ ಈ ಭೇದ ಇದೆ, ನಿಮ್ಮ ಪಾಠದಲ್ಲೇ ಇದೆ. 21ನೇ ವಿಧಿ 'ಯಾವುದೇ ವ್ಯಕ್ತಿ' ಎನ್ನುತ್ತದೆ. ಜೀವ ಮತ್ತು ಸ್ವಾತಂತ್ರ್ಯದ ರಕ್ಷಣೆ ವಿದೇಶಿಯರಿಗೂ ಉಂಟು. 19ನೇ ವಿಧಿ 'ಪ್ರಜೆಗಳು' ಎನ್ನುತ್ತದೆ. ಭಾರತದ ಯಾವುದೇ ಭಾಗದಲ್ಲಿ ನೆಲೆಸುವ ಹಕ್ಕು ಇರುವುದು ಅಲ್ಲಿ. 1991ರಲ್ಲಿ ಸುಪ್ರೀಂ ಕೋರ್ಟ್ ಲೂಯಿ ಡಿ ರೇಟ್ ಪ್ರಕರಣದಲ್ಲಿ ಇದನ್ನೇ ಹೇಳಿತು: ವಿದೇಶಿಗೆ 21ನೇ ವಿಧಿಯ ರಕ್ಷಣೆ ಇದೆ, ಇಲ್ಲಿ ನೆಲೆಸುವ ಹಕ್ಕು ಇಲ್ಲ. ಪರೀಕ್ಷೆಗೆ ಬಂದರೆ ಬರೆಯಿರಿ.

ಸರಿಯಾದ ದಾರಿ ಹೇಗಿರುತ್ತದೆ? ವಧು ಅಥವಾ ವರ ತಮ್ಮ ದೇಶದ ಪಾಸ್‌ಪೋರ್ಟ್ ಮೇಲೆ ಭಾರತದ ವೀಸಾ ಪಡೆದು ಬರಬೇಕು. ಹೆಚ್ಚಿನ ದೇಶಗಳವರಿಗೆ ಭಾರತೀಯರ ಪತಿ ಅಥವಾ ಪತ್ನಿ ಎಂಬ ಆಧಾರದ ಮೇಲೆ 'ಎಕ್ಸ್' ವರ್ಗದ ಪ್ರವೇಶ ವೀಸಾ ಸಿಗುತ್ತದೆ. ಬಂದ ಮೇಲೆ ವಿದೇಶಿಯರ ನೋಂದಣಿ ಅಧಿಕಾರಿಯ ಬಳಿ ಹೆಸರು ದಾಖಲಾಗಬೇಕು. ಬೆಂಗಳೂರಿನಲ್ಲಿ ಇದಕ್ಕೆ ಪ್ರತ್ಯೇಕ ಪ್ರಾದೇಶಿಕ ಕಚೇರಿ ಇದೆ. ನಮ್ಮಂಥ ಜಿಲ್ಲೆಗಳಲ್ಲಿ ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗಳೇ ಆ ಅಧಿಕಾರಿ, ಅಂದರೆ ವಿಜಯಪುರದ ಎಸ್‌ಪಿ ಕಚೇರಿ. ಈಗ ಅರ್ಜಿಗಳೆಲ್ಲ ಆನ್‌ಲೈನ್. ಮನೆಯಲ್ಲಿ ವಿದೇಶಿ ಅತಿಥಿ ಉಳಿದರೆ ಉಳಿಸಿಕೊಂಡವರೂ ಮಾಹಿತಿ ಕೊಡಬೇಕು.

ಪಾಕಿಸ್ತಾನ, ಬಾಂಗ್ಲಾದೇಶದಿಂದ ಬಂದು ಭಾರತೀಯರನ್ನು ಮದುವೆಯಾಗಿ ಇಲ್ಲೇ ಇರುವ ಮಹಿಳೆಯರಿಗೆ 'ದೀರ್ಘಾವಧಿ ವೀಸಾ' ಎಂಬುದೊಂದು ವ್ಯವಸ್ಥೆ ಇದೆ. ವೀಸಾದ ಮೇಲೆ ಬಂದು, ಅವಧಿ ಮುಗಿಯುವ ಮುನ್ನ ಅರ್ಜಿ ಹಾಕಬೇಕು. ಭಾರತೀಯ ಜಾಮೀನುದಾರರು ಬೇಕು, ಪೊಲೀಸ್ ಪರಿಶೀಲನೆ ನಡೆಯುತ್ತದೆ, ಕಾಲಕಾಲಕ್ಕೆ ನವೀಕರಿಸಬೇಕು. ಮುಂದೆ ಏಳು ವರ್ಷದ ವಾಸ ತೋರಿಸಲು ಆಧಾರ ಇದೇ. ಆಮೇಲೆ ಪೌರತ್ವದ ಅರ್ಜಿ ಜಿಲ್ಲಾಧಿಕಾರಿಗಳಿಂದ ರಾಜ್ಯ ಸರ್ಕಾರಕ್ಕೆ, ಅಲ್ಲಿಂದ ದೆಹಲಿಯ ಗೃಹ ಸಚಿವಾಲಯಕ್ಕೆ ಹೋಗುತ್ತದೆ. ಹಳೆಯ ದೇಶದ ಪೌರತ್ವ ಬಿಡಬೇಕು, ನಿಷ್ಠೆಯ ಪ್ರಮಾಣ ಸ್ವೀಕರಿಸಬೇಕು. ತಾಳ್ಮೆ ಬೇಡುವ ಕೆಲಸ.

ಸಾಗರೋತ್ತರ ಭಾರತೀಯ ಪ್ರಜೆ ಎಂಬ ಒಸಿಐ ಕಾರ್ಡಿನ ಬಗ್ಗೆ ನೀವು ಕೇಳಿರಬಹುದು. ಮದುವೆ ನೋಂದಣಿಯಾಗಿ ಎರಡು ವರ್ಷ ಕಳೆದಿದ್ದರೆ ವಿದೇಶಿ ಪತಿ ಪತ್ನಿಯರಿಗೆ ಅದು ಸಿಗುತ್ತದೆ. ಆದರೆ ಪಾಕಿಸ್ತಾನ, ಬಾಂಗ್ಲಾದೇಶದ ಪ್ರಜೆಗಳಾಗಿದ್ದವರಿಗೂ ಅವರ ಮಕ್ಕಳು ಮೊಮ್ಮಕ್ಕಳಿಗೂ ಆ ಬಾಗಿಲು ಮುಚ್ಚಿದೆ.

ದೀರ್ಘಾವಧಿ ವೀಸಾದ ಬೆಲೆ ಏನೆಂದು 2025ರ ಏಪ್ರಿಲ್‌ನಲ್ಲಿ ಎಲ್ಲರಿಗೂ ತಿಳಿಯಿತು. ಆ ತಿಂಗಳ 22ರಂದು ಪಹಲ್ಗಾಮ್‌ನಲ್ಲಿ ಪ್ರವಾಸಿಗರ ಹತ್ಯೆಯಾದ ಮೇಲೆ ಪಾಕಿಸ್ತಾನಿ ಪ್ರಜೆಗಳ ವೀಸಾಗಳನ್ನು ಕೇಂದ್ರ ಸರ್ಕಾರ 27ರಿಂದ ರದ್ದು ಮಾಡಿತು. ಅಟಾರಿ ಗಡಿಯಲ್ಲಿ ಕುಟುಂಬಗಳು ಸಾಲುಗಟ್ಟಿ ನಿಂತ ಚಿತ್ರಗಳನ್ನು ನೀವು ನೋಡಿದ್ದೀರಿ. ತಾಯಿಯ ಪಾಸ್‌ಪೋರ್ಟ್ ಒಂದು ಬಣ್ಣ, ಮಕ್ಕಳದು ಇನ್ನೊಂದು ಬಣ್ಣ. ದೀರ್ಘಾವಧಿ ವೀಸಾ ಪಡೆದಿದ್ದವರಿಗೆ ಆ ರದ್ದತಿ ಅನ್ವಯಿಸಲಿಲ್ಲ.

ಕಾಗದ ಇಲ್ಲದೆ ಬಂದವರು ಸಾಮಾನ್ಯವಾಗಿ ಏನು ಮಾಡುತ್ತಾರೆ? ಆಧಾರ್ ಮಾಡಿಸುತ್ತಾರೆ. ಒಂದು ಕಾರ್ಡು ಕೈಗೆ ಬಂದರೆ ಎಲ್ಲ ಸರಿಹೋಯಿತು ಎಂಬ ಭ್ರಮೆ. ಆಧಾರ್ ಕಾಯ್ದೆಯ 9ನೇ ಕಲಮೇ ಆಧಾರ್ ಪೌರತ್ವದ ಪುರಾವೆ ಅಲ್ಲ ಎಂದು ಹೇಳುತ್ತದೆ. ಸುಳ್ಳು ಹೆಸರು ಹೇಳಿ ಪಡೆದ ಕಾರ್ಡಂತೂ ಇರುವ ಒಂದು ಅಪರಾಧಕ್ಕೆ ಇನ್ನೊಂದನ್ನು ಸೇರಿಸುತ್ತದೆ.

2023ರ ಜನವರಿಯಲ್ಲಿ ಬೆಂಗಳೂರಿನ ಬೆಳ್ಳಂದೂರು ಪೊಲೀಸರಿಗೆ ಸಿಕ್ಕ ಹುಡುಗಿಗೆ 19 ವರ್ಷ, ಹೆಚ್ಚು ಕಡಿಮೆ ನಿಮ್ಮದೇ ವಯಸ್ಸು. ಊರು ಪಾಕಿಸ್ತಾನದ ಸಿಂಧ್ ಪ್ರಾಂತ್ಯದ ಹೈದರಾಬಾದ್. ಆನ್‌ಲೈನ್ ಲೂಡೋ ಆಟದಲ್ಲಿ ಪರಿಚಯವಾದವನು ಉತ್ತರ ಪ್ರದೇಶದಿಂದ ಬಂದು ಬೆಂಗಳೂರಿನಲ್ಲಿ ಸೆಕ್ಯುರಿಟಿ ಗಾರ್ಡ್ ಆಗಿದ್ದ ಯುವಕ. ಆಕೆ ಮುಸ್ಲಿಂ, ಆತ ಹಿಂದೂ. ನೇಪಾಳದಲ್ಲಿ ಮದುವೆಯಾಗಿ ಗಡಿ ದಾಟಿ ಬೆಂಗಳೂರಿಗೆ ಬಂದರು. ಬೇರೆ ಹೆಸರಿನಲ್ಲಿ ಆಧಾರ್ ಆಯಿತು. ಊರಿನಲ್ಲಿದ್ದ ಮನೆಯವರನ್ನು ಫೋನಿನಲ್ಲಿ ಸಂಪರ್ಕಿಸಲು ಹೋದದ್ದರಿಂದ ಸುಳಿವು ಸಿಕ್ಕಿತೆಂದು ಪತ್ರಿಕೆಗಳು ಬರೆದವು. ಫೆಬ್ರವರಿಯಲ್ಲಿ ಆಕೆಯನ್ನು ಅಟಾರಿ ಗಡಿಯಲ್ಲಿ ಒಪ್ಪಿಸಲಾಯಿತು. ಗಂಡ ಜೈಲಿನಲ್ಲಿ ಉಳಿದ. ಮದುವೆಯಾದ ತಪ್ಪಿಗೆ ಆತನ ಮೇಲೆ ಪ್ರಕರಣ ಬಿದ್ದದ್ದಲ್ಲ, ಕಾಗದವಿಲ್ಲದೆ ಕರೆತಂದು ಇಟ್ಟುಕೊಂಡದ್ದಕ್ಕೆ.

ಇನ್ನೊಂದು ಪ್ರಕರಣ ನನ್ನನ್ನು ಹೆಚ್ಚು ಕಾಡಿದ್ದು. 2017ರ ಮೇ ತಿಂಗಳಲ್ಲಿ ಬೆಂಗಳೂರಿನ ಕುಮಾರಸ್ವಾಮಿ ಲೇಔಟ್‌ನಲ್ಲಿ ಮೂವರು ಪಾಕಿಸ್ತಾನಿಗಳೂ ಕೇರಳದ ಒಬ್ಬ ಯುವಕನೂ ಬಂಧಿತರಾದರು. ಆ ಮೂವರಲ್ಲಿ ಒಬ್ಬಾಕೆ ಆ ಯುವಕನ ಹೆಂಡತಿ. ಕತಾರ್‌ನಲ್ಲಿ ಪರಿಚಯ, ಮದುವೆ, ನೇಪಾಳದ ಮೂಲಕ ಪ್ರವೇಶ. ಬಂಧನದ ನಂತರ ಆಕೆ ಹೆಣ್ಣುಮಗುವಿಗೆ ಜನ್ಮ ಕೊಟ್ಟಳು. ಶಿಕ್ಷೆ ಮುಗಿದ ಮೇಲೂ ಹೊರಗೆ ಬರಲಾಗಲಿಲ್ಲ, ಯಾಕೆಂದರೆ ಆಕೆ ತನ್ನ ಪ್ರಜೆ ಎಂದು ಪಾಕಿಸ್ತಾನ ಖಚಿತಪಡಿಸುವುದು ತಡವಾಯಿತು. ಒಂದು ದೇಶ ಇರಗೊಡುವುದಿಲ್ಲ, ಇನ್ನೊಂದು ದೇಶ ಕರೆದುಕೊಳ್ಳುವುದಿಲ್ಲ. 2022ರ ಮಾರ್ಚ್‌ನಲ್ಲಿ ತಾಯಿ ಮಗಳು ವಾಘಾ ದಾಟಿದಾಗ ಮಗುವಿಗೆ ನಾಲ್ಕು ವರ್ಷ. ಅಷ್ಟು ದಿನ ಆ ಕೂಸು ಕಂಡ ಬೆಂಗಳೂರು ಯಾವುದೆಂದು ಯೋಚಿಸಿ.

ಮಕ್ಕಳ ಮಾತು ಬಂತು. ಜನರಿಗೆ ಕಡಿಮೆ ಗೊತ್ತಿರುವ ಭಾಗ ಇದೇ. ಭಾರತದ ನೆಲದಲ್ಲಿ ಹುಟ್ಟಿದರೆ ಭಾರತೀಯ ಎಂಬ ನಿಯಮ 1987ರ ಜುಲೈ 1ಕ್ಕೆ ಮುಗಿಯಿತು. ಅಂದಿನಿಂದ ತಂದೆ ತಾಯಿಯರಲ್ಲಿ ಒಬ್ಬರಾದರೂ ಭಾರತೀಯರಾಗಿರಬೇಕು ಎಂದಾಯಿತು. 2004ರ ಡಿಸೆಂಬರ್ 3ರಿಂದ ಇನ್ನೂ ಬಿಗಿಯಾಯಿತು: ಇಬ್ಬರೂ ಭಾರತೀಯರಾಗಿರಬೇಕು, ಅಥವಾ ಒಬ್ಬರು ಭಾರತೀಯರಾಗಿದ್ದು ಇನ್ನೊಬ್ಬರು ಅಕ್ರಮ ವಲಸಿಗರಾಗಿರಬಾರದು. ಅಂದರೆ ಅಪ್ಪ ಏಳು ತಲೆಮಾರಿನಿಂದ ಇಲ್ಲಿಯವನಾಗಿದ್ದರೂ, ಹೆರಿಗೆ ನಮ್ಮ ತಾಲ್ಲೂಕು ಆಸ್ಪತ್ರೆಯಲ್ಲೇ ಆಗಿದ್ದರೂ, ತಾಯಿಯ ಪ್ರವೇಶ ಅಕ್ರಮವಾಗಿದ್ದರೆ ಆ ಮಗು ಹುಟ್ಟಿನಿಂದ ಭಾರತದ ಪ್ರಜೆಯಲ್ಲ. ವೀಸಾದ ಮೇಲೆ ಬಂದ ತಾಯಿಯ ಮಗು ಪ್ರಜೆ. ನಿಮ್ಮಲ್ಲಿ ಬಹುತೇಕ ಎಲ್ಲರೂ 2004ರ ನಂತರ ಹುಟ್ಟಿದವರು, ಈ ಸಾಲು ನಿಮ್ಮ ತಲೆಮಾರಿಗೇ ಬರೆದದ್ದು. ವಿಶೇಷ ಸಂದರ್ಭಗಳಲ್ಲಿ ಯಾವುದೇ ಅಪ್ರಾಪ್ತ ಮಗುವನ್ನು ಪ್ರಜೆಯೆಂದು ನೋಂದಾಯಿಸುವ ಅಧಿಕಾರ ಕೇಂದ್ರ ಸರ್ಕಾರಕ್ಕೆ ಇದೆ. ಅದು ಸರ್ಕಾರದ ವಿವೇಚನೆ, ಮಗುವಿನ ಹಕ್ಕಲ್ಲ. ದೊಡ್ಡವರ ಪ್ರವೇಶದ ತಪ್ಪನ್ನು ಕೂಸಿನ ತಲೆಗೆ ಕಟ್ಟುವುದು ನ್ಯಾಯವೇ ಎಂದು ನೀವು ಕೇಳಿದರೆ, ಅಲ್ಲ ಎಂದೇ ನಾನು ಹೇಳುತ್ತೇನೆ. ಆದರೆ ಕಾಯ್ದೆ ಈಗ ಹೀಗಿದೆ.

ಪೌರತ್ವ ತಿದ್ದುಪಡಿ ಕಾಯ್ದೆಯಿಂದ ದಾರಿ ಇಲ್ಲವೇ ಎಂದು ಸಹೋದ್ಯೋಗಿಯೊಬ್ಬರು ಕೇಳಿದರು. 2019ರ ಆ ಕಾಯ್ದೆ ಪಾಕಿಸ್ತಾನ, ಬಾಂಗ್ಲಾದೇಶ, ಅಫ್ಘಾನಿಸ್ತಾನದಿಂದ 2014ರ ಡಿಸೆಂಬರ್ 31ರೊಳಗೆ ಬಂದ ಹಿಂದೂ, ಸಿಖ್, ಬೌದ್ಧ, ಜೈನ, ಪಾರ್ಸಿ, ಕ್ರೈಸ್ತರನ್ನು ಅಕ್ರಮ ವಲಸಿಗರ ಪಟ್ಟಿಯಿಂದ ಹೊರಗಿಡುತ್ತದೆ. 2024ರ ಮಾರ್ಚ್‌ನಲ್ಲಿ ನಿಯಮಗಳು ಬಂದವು. ಅದೇ ವರ್ಷ ನಮ್ಮ ನೆರೆಯ ರಾಯಚೂರು ಜಿಲ್ಲೆಯ ಸಿಂಧನೂರಿನ ಕ್ಯಾಂಪುಗಳಲ್ಲಿ ದಶಕಗಳಿಂದ ಇರುವ ಬಂಗಾಳಿ ನಿರಾಶ್ರಿತರಲ್ಲಿ ಕೆಲವರಿಗೆ ಪೌರತ್ವ ಸಿಕ್ಕಿತು. ಅವರಿಗೆ ಸಿಕ್ಕಿದ್ದು ಸಂತೋಷ. ಆ ಪಟ್ಟಿಯಲ್ಲಿ ಮುಸ್ಲಿಮರಿಲ್ಲ. ಆದ್ದರಿಂದ ಭಟ್ಕಳದ ಆ ತಾಯಿಗೆ ಈ ದಾರಿಯಿಲ್ಲ. ಕಾಯ್ದೆಯನ್ನು ಪ್ರಶ್ನಿಸಿದ ಅರ್ಜಿಗಳು ಸುಪ್ರೀಂ ಕೋರ್ಟಿಗೆ ಹೋಗಿವೆ.

ಈಚೆಗೆ ಶಿಕ್ಷೆಯ ನಿಯಮಗಳೂ ಬದಲಾಗಿವೆ. 1946ರ ವಿದೇಶಿಯರ ಕಾಯ್ದೆಯೂ ಸೇರಿ ನಾಲ್ಕು ಹಳೆಯ ಕಾಯ್ದೆಗಳನ್ನು ತೆಗೆದು, 2025ರ ವಲಸೆ ಮತ್ತು ವಿದೇಶಿಯರ ಕಾಯ್ದೆ ಆ ವರ್ಷದ ಸೆಪ್ಟೆಂಬರ್ 1ರಿಂದ ಜಾರಿಗೆ ಬಂದಿದೆ. ಪಾಸ್‌ಪೋರ್ಟ್ ಅಥವಾ ವೀಸಾ ಇಲ್ಲದೆ ಬಂದರೆ ಐದು ವರ್ಷದವರೆಗೆ ಜೈಲು, 5 ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ. ಅವಧಿ ಮೀರಿ ಉಳಿದರೆ ಮೂರು ವರ್ಷದವರೆಗೆ, 3 ಲಕ್ಷದವರೆಗೆ. ನಕಲಿ ಪಾಸ್‌ಪೋರ್ಟ್, ವೀಸಾ ಬಳಸಿದರೆ ಕನಿಷ್ಠ ಎರಡರಿಂದ ಏಳು ವರ್ಷ, ದಂಡ 1ರಿಂದ 10 ಲಕ್ಷ. ನಮ್ಮ ಕಚೇರಿ ಸಿಬ್ಬಂದಿ ಗಮನಿಸಬೇಕಾದ ಮಾತೂ ಅದರಲ್ಲಿದೆ: ವಿದೇಶಿ ವಿದ್ಯಾರ್ಥಿಗೆ ಪ್ರವೇಶ ಕೊಟ್ಟರೆ ಶಿಕ್ಷಣ ಸಂಸ್ಥೆ ನೋಂದಣಿ ಅಧಿಕಾರಿಗೆ ತಿಳಿಸಬೇಕು.

ಮದುವೆಯಾಗಿದೆ, ಕಾಗದವಿಲ್ಲ, ಈಗಾಗಲೇ ಇಲ್ಲಿದ್ದಾರೆ ಎಂದಿಟ್ಟುಕೊಳ್ಳಿ. ಆಗ ಮೊದಲ ಕೆಲಸ ವಕೀಲರನ್ನು ಕಾಣುವುದು, ಏಜೆಂಟನನ್ನಲ್ಲ. ಮಹಿಳೆಯರಿಗೆ, ಮಕ್ಕಳಿಗೆ, ಬಂಧನದಲ್ಲಿರುವವರಿಗೆ 1987ರ ಕಾನೂನು ಸೇವೆಗಳ ಕಾಯ್ದೆಯಡಿ ಆದಾಯ ಎಷ್ಟೇ ಇರಲಿ ಉಚಿತ ವಕೀಲರು ಸಿಗುತ್ತಾರೆ. ತಾಲ್ಲೂಕು ಕಾನೂನು ಸೇವಾ ಸಮಿತಿ ನ್ಯಾಯಾಲಯದ ಆವರಣದಲ್ಲೇ ಇರುತ್ತದೆ, ಸಹಾಯವಾಣಿ 15100. ಬಾಂಗ್ಲಾದೇಶದವರೆಂದು ಬಂಧಿತರಾದವರ ಪ್ರಕರಣದಲ್ಲಿ 2020ರ ಮೇ ತಿಂಗಳಲ್ಲಿ ಕರ್ನಾಟಕ ಹೈಕೋರ್ಟ್ ಇಂಥವರ ಜಾಮೀನು, ಬಂಧನ ಕೇಂದ್ರ, ವಾಪಸಾತಿ ಕುರಿತು ಮಾರ್ಗಸೂಚಿಗಳನ್ನು ಹಾಕಿಕೊಟ್ಟಿದೆ. ನೆಲಮಂಗಲದ ಬಳಿಯ ಸೊಂಡೆಕೊಪ್ಪದಲ್ಲಿ ಅಂಥ ಕೇಂದ್ರವಿದೆ. ವಕೀಲರು ಸರ್ಕಾರದಿಂದ ವಿನಾಯಿತಿ ಕೇಳಬಹುದು. ಇಲ್ಲವೇ ಸ್ವದೇಶಕ್ಕೆ ಮರಳಿ ವೀಸಾ ಪಡೆದು ಬರುವ ದಾರಿ ಇದೆ. ಅದು ಉದ್ದದ ದಾರಿ, ವೀಸಾ ಸಿಗುವ ಖಾತ್ರಿಯೂ ಇಲ್ಲ.

ಇದು ಭಾರತದ್ದೇ ಕಠೋರತೆ ಎಂದುಕೊಳ್ಳಬೇಡಿ. ಅಮೆರಿಕದಲ್ಲಿ ವೀಸಾದ ಮೇಲೆ ಬಂದು ಅವಧಿ ಮೀರಿದವರು ಅಲ್ಲಿನ ಪ್ರಜೆಯನ್ನು ಮದುವೆಯಾದರೆ ಅಲ್ಲಿದ್ದುಕೊಂಡೇ ಗ್ರೀನ್ ಕಾರ್ಡ್ ಕೇಳಬಹುದು, ಆ ಮಟ್ಟಿಗೆ ನಮಗಿಂತ ಸಡಿಲ. ಗಡಿ ಹಾರಿ ಬಂದವರು ಸಾಮಾನ್ಯವಾಗಿ ಹೊರಗೆ ಹೋಗಿಯೇ ಅರ್ಜಿ ಹಾಕಬೇಕು. ಒಂದು ವರ್ಷ ಅಥವಾ ಹೆಚ್ಚು ಅಕ್ರಮವಾಗಿ ಇದ್ದು ಹೊರಗೆ ಹೋದರೆ, ವಿನಾಯಿತಿ ಸಿಗದಿದ್ದಲ್ಲಿ ಹತ್ತು ವರ್ಷ ಮರಳುವಂತಿಲ್ಲ. ಇದು 1996ರ ಕಾಯ್ದೆ. 2024ರ ಜೂನ್‌ನಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್, ವಿದೇಶಿ ಸಂಗಾತಿಯನ್ನು ದೇಶದೊಳಗೆ ಕರೆತರುವುದು ಪ್ರಜೆಯ ಮೂಲಭೂತ ಹಕ್ಕಲ್ಲ ಎಂದಿತು. ಇತ್ತ ಕೊಲ್ಲಿ ದೇಶಗಳಲ್ಲಿ ಕಾಗದವಿಲ್ಲದವರ ಸಾಲಿನಲ್ಲಿ ನಮ್ಮವರೇ ನಿಂತಿರುತ್ತಾರೆ. 2024ರ ಸೆಪ್ಟೆಂಬರ್‌ನಿಂದ ಡಿಸೆಂಬರ್‌ವರೆಗೆ ಯುಎಇ ಕ್ಷಮಾದಾನ ಘೋಷಿಸಿದಾಗ ಅವಧಿ ಮೀರಿ ಉಳಿದಿದ್ದ ಭಾರತೀಯರೂ ಅದರ ಉಪಯೋಗ ಪಡೆದರು.

ಕೊನೆಗೆ ಹೆಣ್ಣುಮಕ್ಕಳ ಸಾಲಿನಿಂದ ಬಂದ ಪ್ರಶ್ನೆ. ಮರುದಿನ ನಾನು ತರಗತಿಯಲ್ಲಿ ತಪ್ಪು ಒಪ್ಪಿಕೊಂಡು ಇದನ್ನೆಲ್ಲ ಹೇಳಿ ಮುಗಿಸಿದಾಗ ಒಬ್ಬಾಕೆ ಕೇಳಿದಳು: "ಸರ್, ನಾವ ಹೊರದೇಶದಾಂವ್ನ ಲಗ್ನಾ ಆಗಿ ಅಲ್ಲಿಗಿ ಹೋದ್ರ, ನಮ್ಮ ಪೌರತ್ವ ಹೋಗ್ತದೇನ್ರಿ?" ಮದುವೆಯಿಂದ ಹೋಗುವುದಿಲ್ಲ. ಅಲ್ಲಿನ ಪೌರತ್ವವನ್ನು ತಾನಾಗಿಯೇ ಪಡೆದರೆ ಮಾತ್ರ 9ನೇ ಕಲಮಿನ ಪ್ರಕಾರ ಭಾರತದ್ದು ಹೋಗುತ್ತದೆ, ಎರಡೂ ಇಟ್ಟುಕೊಳ್ಳಲು ನಮ್ಮಲ್ಲಿ ಅವಕಾಶವಿಲ್ಲ. ಹಾಗೆ ಪೌರತ್ವ ಬದಲಿಸಿ, ಆಮೇಲೆ ವಿಧವೆಯಾಗಿಯೋ ತಲಾಕ್ ಆಗಿಯೋ ಪಾಕಿಸ್ತಾನ, ಬಾಂಗ್ಲಾದೇಶದಿಂದ ತವರಿಗೆ ಮರಳುವ ಹೆಣ್ಣುಮಕ್ಕಳಿಗೂ ಆ ದೀರ್ಘಾವಧಿ ವೀಸಾದಲ್ಲಿ ಒಂದು ವರ್ಗ ಇದೆ. ತನ್ನ ಪೌರತ್ವ ಉಳಿಸಿಕೊಂಡವಳಿಗೆ ಅದರ ಅಗತ್ಯವೇ ಇಲ್ಲ, ಭಾರತದ ಪಾಸ್‌ಪೋರ್ಟ್ ಹಿಡಿದು ಬಾಗೇವಾಡಿಗೆ ಬರಲು ಆಕೆ ಯಾರನ್ನೂ ವೀಸಾ ಕೇಳಬೇಕಿಲ್ಲ.